ಬಲೀಂದ್ರಂದು

ಹೋದ ಡಿಸೆಂಬರಿನಲ್ಲಿ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, ಕ್ರಿಸ್‌ಮಸ್ ತಾತ ನಿಜವಾಗಿಯೂ ಇದ್ದಾನೋ ಇಲ್ಲವೋ ಈಗಲೇ ಹೇಳು ಅಂತ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು. ಅದೆಲ್ಲ ಅಪ್ಪ ಅಮ್ಮ ಅಂಗಡಿಯಿಂದ ತಂದಿಡುವುದು ಅಂತ ಪಕ್ಕದ ಬೆಂಚಿನ ಹುಡುಗಿ ಹೇಳಿದ್ದಳಂತೆ. ನಾನು ಎಪ್ಪತ್ತು ದಾಟಿದವಳು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಮೂವತ್ತು ವರ್ಷ ಸಂಬಳ ತೆಗೆದುಕೊಂಡವಳು. ಆದರೂ ಮೊದಲು ಕೈಕಾಲು ತೊಳಿ, ತಿಂಡಿ ತಿನ್ನು ಅಂತ ಜಾರಿಕೊಂಡೆ. ಉತ್ತರ ಗೊತ್ತಿಲ್ಲದೆ ಅಲ್ಲ. ಒಂಬತ್ತನೇ ವಯಸ್ಸಿನಲ್ಲಿ ನನಗೂ ಅದೇ ಪ್ರಶ್ನೆ ಎದುರಾಗಿತ್ತು, ಮತ್ತು ಆಗ ನನಗೆ ಸಿಕ್ಕ ಉತ್ತರ ಒಂದು ವಾಕ್ಯದಲ್ಲಿ ಹೇಳಿ ಮುಗಿಸುವಂಥದ್ದಲ್ಲ. ನಮ್ಮ ಮನೆಗೆ ಬರುತ್ತಿದ್ದವನಿಗೆ ಕೆಂಪಂಗಿ ಇರಲಿಲ್ಲ, ಗಂಟೆ ಕಟ್ಟಿದ ಗಾಡಿಯೂ ಇರಲಿಲ್ಲ. ಅವನು ದೀಪಾವಳಿಯ ಪಾಡ್ಯದ ದಿನ ಹಿತ್ತಲಿನ ಬಾವಿಯೊಳಗಿಂದ ಹತ್ತಿಕೊಂಡು ಬರುತ್ತಿದ್ದ.

ಜಯನಗರ ಆಗ ಹೆಸರಿಗೆ ಮಾತ್ರ ನಗರ. ಚಾಮರಾಜಪೇಟೆಯ ವಠಾರದ ಎರಡು ಕೋಣೆ ಬಿಟ್ಟು ನಾವು ಇಲ್ಲಿಗೆ ಬಂದಾಗ ನನಗೆ ಐದು ವರ್ಷ. ನಮ್ಮ ಬೀದಿಯಲ್ಲಿದ್ದದ್ದೂ ಐದೇ ಮನೆ. ಮಿಕ್ಕದ್ದೆಲ್ಲ ಕಲ್ಲು ನೆಟ್ಟು ಗುರುತು ಮಾಡಿದ ಸೈಟು, ಸೈಟಿನಲ್ಲಿ ಹಳೆಯ ರಾಗಿ ಕೂಳೆ, ಕೂಳೆಯಲ್ಲಿ ಹಾವು. ಸಂಜೆಯಾದರೆ ಯಡಿಯೂರು ಕೆರೆಯ ಕಡೆಯಿಂದ ನರಿ ಕೂಗುತ್ತಿತ್ತು. ಬಂಧುಗಳು ಬಂದರೆ, ಇದೇನು ನಾಣಿ, ವನವಾಸಕ್ಕೆ ಬಂದುಬಿಟ್ಟೆಯಲ್ಲ ಅಂತ ಅಪ್ಪನನ್ನು ಛೇಡಿಸುತ್ತಿದ್ದರು. ಅಪ್ಪ ಸರ್ಕಾರಿ ಕಚೇರಿಯ ಗುಮಾಸ್ತರು. ಮಾತು ಕಡಿಮೆ, ಭಯ ಜಾಸ್ತಿ. ಆದರೆ ಮನೆಯ ವಿಷಯ ಬಂದರೆ ಮಾತ್ರ ಬಾಯಿ ಬಿಚ್ಚುತ್ತಿದ್ದರು. ಕೆಂಪು ನೆಲದ ಹಾಲ್, ಅದರಾಚೆ ಅಡುಗೆಮನೆ, ಅಡುಗೆಮನೆಯೊಳಗೇ ದೇವರ ಗೂಡು, ಹಿಂದೆ ಅಜ್ಜಿಯ ಪುಟ್ಟ ಕೋಣೆ, ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ ಬಚ್ಚಲು, ಬಚ್ಚಲಿನಾಚೆ ಹಿತ್ತಲು. ಹಿತ್ತಲಿನ ಮೂಲೆಯಲ್ಲಿ ನಮಗಿಂತ ಮುಂಚೆಯೇ ಇದ್ದ ಬಾವಿ. ಹಳೆಯ ಕಲ್ಲುಕಟ್ಟೆ, ಹಗ್ಗ ಉಜ್ಜಿ ಉಜ್ಜಿ ಬಾಯಿಯ ಸುತ್ತ ಸವೆದ ಗೆರೆಗಳು. ಯಾರೋ ಹೊಲಕ್ಕೆಂದು ತೋಡಿಸಿದ್ದು ಬಡಾವಣೆ ಆದಾಗ ನಮ್ಮ ಸೈಟಿನೊಳಗೆ ಸೇರಿಬಿಟ್ಟಿತ್ತು. ಬೀದಿಗೆ ನಲ್ಲಿ ಬರುವ ಮೊದಲು ಅದು ಭಾಗ್ಯವೇ. ಮನೆಯ ಗೋಡೆಗಳೆಲ್ಲ ಅದೇ ನೀರಿನಲ್ಲಿ ಎದ್ದದ್ದು.

ಮನೆಯಲ್ಲಿ ಐದು ಜನ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನನಗಿಂತ ಐದು ವರ್ಷ ದೊಡ್ಡವನಾದ ಸೀನಣ್ಣ, ನಾನು. ಅಮ್ಮ ಮಡಿಯಲ್ಲಿ ಎಷ್ಟು ಬಿಗಿ ಎಂದರೆ, ಒಲೆಯ ಮುಂದಿದ್ದಾಗ ನನ್ನ ಲಂಗದ ಅಂಚು ತಾಗಿದರೂ ಮತ್ತೆ ಸ್ನಾನ. ಹೊರಗಿನವರು ಬೇಯಿಸಿದ್ದು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅಜ್ಜಿ ವಿಧವೆ, ಅವಳಿಗೂ ಮಡಿ ಇತ್ತು, ಆದರೆ ಅವಳದು ತನ್ನ ಪಾಡಿಗೆ ತಾನು ಇಟ್ಟುಕೊಂಡ ಮಡಿ. ಇನ್ನೊಬ್ಬರನ್ನು ಅದರಿಂದ ಹೊಡೆಯುತ್ತಿರಲಿಲ್ಲ. ಅತ್ತೆ ಸೊಸೆಗೆ ಇದೇ ವಿಷಯಕ್ಕೆ ವಾರಕ್ಕೊಮ್ಮೆ ಜಟಾಪಟಿ. ಜಗಳ ಜೋರಾದರೆ ಅಪ್ಪ ಛತ್ರಿ ತೆಗೆದುಕೊಂಡು, ಮಳೆ ಇರಲಿ ಬಿಡಲಿ, ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿಬರುತ್ತಿದ್ದರು.

ದೀಪಾವಳಿ ನಮ್ಮಲ್ಲಿ ಶುರುವಾಗುತ್ತಿದ್ದದ್ದು ನೀರಿನಿಂದ. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜುವಳು, ಅಜ್ಜಿ ಅದರ ಕತ್ತಿಗೆ ಹಾಗಲಬಳ್ಳಿ ಸುತ್ತುವಳು, ನಾನೂ ಸೀನಣ್ಣನೂ ಬಾವಿಯಿಂದ ಸೇದಿ ಸೇದಿ ತುಂಬಬೇಕು. ಮಾರನೆಯ ದಿನ ಎಣ್ಣೆಸ್ನಾನ, ಅಮಾವಾಸ್ಯೆಗೆ ಲಕ್ಷ್ಮಿ, ಮೂರು ದಿನವೂ ಪಟಾಕಿಗಾಗಿ ನನಗೂ ಅಣ್ಣನಿಗೂ ಹೊಡೆದಾಟ. ಅಮಾವಾಸ್ಯೆಯ ಸಂಜೆ ಅಜ್ಜಿ ಬಚ್ಚಲೊಲೆಯ ಮುಂದೆ ಕೂತು ಬಲಿ ಚಕ್ರವರ್ತಿಯ ಕಥೆ ಹೇಳುತ್ತಿದ್ದಳು. ದಿನಾ ವಿಷ್ಣುವಿಗೆ ತುಳಸಿ ಏರಿಸುವ ಅಜ್ಜಿ ಈ ಕಥೆಯಲ್ಲಿ ಮಾತ್ರ ಕಂಡಾಪಟ್ಟೆ ಬಲಿಯ ಪಕ್ಷ. ಮೂರು ಹೆಜ್ಜೆ ಜಾಗ ಕೇಳಿದವನು ಆಮೇಲೆ ಮೈ ಬೆಳೆಸಿಕೊಂಡರೆ ಅದೇನು ನ್ಯಾಯವೇ ಅಂತ ಒಲೆಯೊಳಗಿನ ಬೆಂಕಿಯನ್ನೇ ಗದರಿಸುವಳು. ಕೊಟ್ಟ ಮಾತಿಗೆ ತಪ್ಪದೆ ಭೂಮಿಯನ್ನೆಲ್ಲ ಧಾರೆಯೆರೆದು ಪಾತಾಳಕ್ಕೆ ಹೋದವನು, ವರ್ಷಕ್ಕೊಂದು ದಿನ ತನ್ನ ನೆಲ, ತನ್ನ ಜನ ಹೇಗಿದ್ದಾರೆ ಅಂತ ನೋಡಿಕೊಂಡು ಹೋಗಲು ಬರುತ್ತಾನೆ, ಆ ದಿನವೇ ಪಾಡ್ಯ ಎಂದು ಕಥೆ ಮುಗಿಸುವಳು. ನನಗೆ ಆರು ವರ್ಷವಿದ್ದಾಗ, ಪಾತಾಳ ಎಲ್ಲಿದೆ ಅಂತ ಕೇಳಿದ್ದಕ್ಕೆ ನೆಲದಡಿಗೆ ಅಂದಳು. ಹಾಗಾದರೆ ನಮ್ಮ ಬಾವಿಯಿಂದಲೇ ಬರುತ್ತಾನೆ ಅಲ್ಲವಾ ಅಂದೆ. ಅಜ್ಜಿ ಹೂಂ ಅಂದಳು.

ಮಾರನೆಯ ಬೆಳಗ್ಗೆ ಎದ್ದು ಹಿತ್ತಲಿಗೆ ಓಡಿದರೆ ಬಾವಿಕಟ್ಟೆ ತೊಳೆದು ಒದ್ದೆಯಾಗಿದೆ, ಅದರ ಮೇಲೆ ಸಗಣಿಯ ಉಂಡೆಗೆ ಹುಚ್ಚೆಳ್ಳು ಹೂ ಚೆಂಡು ಹೂ ಸಿಕ್ಕಿಸಿದೆ, ಪಕ್ಕದಲ್ಲಿ ಒಂದು ಬಾಳೆ ಎಲೆ, ಅದರ ಮೇಲೆ ಇನ್ನೊಂದು ಎಲೆ ಮುಚ್ಚಿ ಕಲ್ಲಿಟ್ಟಿದೆ. ತೆಗೆದು ನೋಡಿದರೆ ಆರು ಕಜ್ಜಾಯ, ನಾಲ್ಕು ಸೀಬೆಹಣ್ಣು, ಒಂದು ಬೆಲ್ಲದಚ್ಚು. ಕಜ್ಜಾಯದ ಮೇಲೆ ಗಸಗಸೆ ಒತ್ತಾಗಿ ಅಂಟಿಕೊಂಡಿತ್ತು. ನಾನು ಕೂಗಿದ ಕೂಗಿಗೆ ಅಜ್ಜಿ ಹೊರಗೆ ಬಂದಳು.

“ಯಾರ್ದಜ್ಜಿ ಇದು?”

“ಬಲೀಂದ್ರಂದು ಕಣೆ. ತಿನ್ನಿ.”

ತಿಂದೆವು. ತಿಂದ ಮೇಲೆ ಎಲೆಯನ್ನು ಒಪ್ಪವಾಗಿ ಮಡಿಸಿ, ಅದೇ ಕಲ್ಲನ್ನು ಮೇಲಿಟ್ಟು, ಕಟ್ಟೆಯ ಮೇಲೇ ಬಿಡಬೇಕು ಅಂತ ಅಜ್ಜಿ ಕಟ್ಟುನಿಟ್ಟು ಮಾಡಿದ್ದಳು. ಅಮ್ಮ ಆ ಹೊತ್ತಿಗೆ ಒಲೆಯ ಮುಂದೆ ಮಡಿಯಲ್ಲಿರುತ್ತಿದ್ದಳು. ಮೊಮ್ಮಕ್ಕಳಿಗೆ ಅತ್ತೆ ಏನೋ ಮುಚ್ಚುಮರೆಯಲ್ಲಿ ಮಾಡಿಕೊಡುತ್ತಾರೆ ಅಂತ ಅವಳು ಅಂದುಕೊಂಡಿದ್ದಳು, ಕೆದಕಲು ಹೋಗಲಿಲ್ಲ. ಹೀಗೆ ಮೂರು ವರ್ಷ. ಆ ಮೂರು ವರ್ಷ ನನಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಕ್ಲಾಸಿನಲ್ಲಿ ಬಸವನಗುಡಿಯ ದೊಡ್ಡ ದೊಡ್ಡ ಮನೆಯ ಹುಡುಗಿಯರಿದ್ದರು, ಅವರಿಗೆ ಕಾರು ಇತ್ತು, ರೇಡಿಯೋ ಇತ್ತು. ಚಕ್ರವರ್ತಿ ಖುದ್ದು ಬಂದು ಕಜ್ಜಾಯ ಇಟ್ಟು ಹೋಗುವ ಬಾವಿ ಯಾರಿಗಿತ್ತು ಹೇಳಿ.

ನಾಲ್ಕನೆಯ ವರ್ಷ ಎರಡು ವಿಷ ಒಟ್ಟಿಗೆ ಬಂದವು. ಒಂದು ಸೀನಣ್ಣ. ಹೈಸ್ಕೂಲಿನಲ್ಲಿ ಅವನಿಗೆ ಹೊಸ ಸೈನ್ಸ್ ಮೇಷ್ಟ್ರು ಬಂದಿದ್ದರು, ಅವರು ಯಾವುದನ್ನೂ ಪುರಾವೆಯಿಲ್ಲದೆ ಒಪ್ಪಬೇಡಿ ಅಂದಿದ್ದರಂತೆ. ಅವತ್ತಿನಿಂದ ಇವನು ಅನ್ನ ಬೆಂದಿದೆ ಅಂದರೂ ಪುರಾವೆ ಕೇಳುತ್ತಿದ್ದ. ಹಬ್ಬಕ್ಕೆ ಒಂದು ವಾರ ಇರುವಾಗ ಹಿತ್ತಲಲ್ಲಿ ನನ್ನನ್ನು ಕೂರಿಸಿಕೊಂಡು ಬಲೀಂದ್ರನ ವಿಚಾರಣೆ ಶುರುಮಾಡಿದ. ಬಾವಿಯಿಂದ ಬಂದವನ ಕಾಲು ಒದ್ದೆ ಇರಬೇಕಲ್ಲ, ಹೋದ ವರ್ಷ ಬೇಲಿಯ ಸಂದಿಯಿಂದ ಕಟ್ಟೆಯ ತನಕ ಇದ್ದ ಹೆಜ್ಜೆಗಳಲ್ಲಿ ಇದ್ದದ್ದು ಕೆಮ್ಮಣ್ಣು. ಬಂದದ್ದೂ ಬೇಲಿಯಿಂದ, ಹೋದದ್ದೂ ಬೇಲಿಯಿಂದ. ಅಜ್ಜಿ ನೀನು ಏಳುವ ಮೊದಲೇ ಅದರ ಮೇಲೆ ನೀರು ಚೆಲ್ಲಿದ್ದನ್ನು ತಾನು ಕಣ್ಣಾರೆ ಕಂಡೆ ಅಂದ. ಯಾರನ್ನೋ ಕರೆಸಿ ಅಜ್ಜಿಯೇ ಇಡಿಸುತ್ತಾಳೆ, ನೀನು ಪೆದ್ದಿ ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಿದ್ದರೆ ಮೂರು ವರ್ಷ ಆರರಲ್ಲಿ ನಾಲ್ಕು ಕಜ್ಜಾಯ ನೀನೇ ಯಾಕೋ ನುಂಗಿದೆ ಅಂತ ಅವನ ತೋಳು ಕಚ್ಚಿದೆ. ಅಮ್ಮ ಬಂದು ಇಬ್ಬರಿಗೂ ಒಂದೊಂದು ಏಟು ಕೊಟ್ಟಳು. ಆದರೆ ಮಾತು ಒಳಗೆ ಹೊಕ್ಕಿತ್ತು. ನಾನು ಬಾವಿಯೊಳಗೆ ಇಣುಕಿ, ಆ ಕತ್ತಲಿನಲ್ಲಿ ಹತ್ತಲು ಮೆಟ್ಟಿಲಿಲ್ಲ ಅನ್ನುವುದನ್ನು ಮೊದಲ ಸಲ ಗಮನಿಸಿದೆ.

ಇನ್ನೊಂದು ಅಪ್ಪ. ನಮ್ಮ ಬೀದಿಗೆ ನಲ್ಲಿ ಬಂದು ಎರಡು ತಿಂಗಳಾಗಿತ್ತು. ಪಕ್ಕದ ರಸ್ತೆಯಲ್ಲಿ ಯಾರದೋ ಕರು ಬಾವಿಗೆ ಬಿದ್ದು ಸತ್ತ ಸುದ್ದಿ ಕೇಳಿದ್ದೇ ಅಪ್ಪನಿಗೆ ನಿದ್ದೆ ಹತ್ತಲಿಲ್ಲ. ಊಟಕ್ಕೆ ಕೂತಾಗ, ಹಬ್ಬ ಕಳೆದ ಮೇಲೆ ಬಾವಿ ಮುಚ್ಚಿಸುತ್ತೇನೆ, ಮಣ್ಣು ಹೊಡೆಯುವ ಗಾಡಿಯವನಿಗೆ ಹೇಳಿ ಆಗಿದೆ, ಅಲ್ಲೊಂದು ರೂಮು ಕಟ್ಟಿಸಿದರೆ ಬಾಡಿಗೆಗಾದರೂ ಆಗುತ್ತದೆ ಅಂದರು. ಅಮ್ಮನಿಗೆ ಸಂತೋಷವೇ ಆಯಿತು. ಅಜ್ಜಿ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದಳು. ಬಲೀಂದ್ರ ಎಲ್ಲಿಂದ ಬರಬೇಕು ಮತ್ತೆ ಅಂತ ನಾನು ಅಳಲು ಶುರುಮಾಡಿದೆ. ಅಪ್ಪ ನಕ್ಕು, ಚಕ್ರವರ್ತಿ ಹಿತ್ತಲಿನಿಂದ ಯಾಕೆ ಬರಬೇಕು, ಮುಂದಿನ ಬಾಗಿಲಿಂದಲೇ ಬರಲಿ ಅಂತ ಹೇಳು ಅಂದರು. ತಮಾಷೆಗೇ ಅಂದದ್ದು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಲೀಂದ್ರ ಇದ್ದರೆ ಅವನನ್ನು ಕಂಡು, ಬರುವ ವರ್ಷದಿಂದ ದಾರಿ ಬದಲು ಅಂತ ನಾನೇ ಹೇಳಬೇಕು. ಇಲ್ಲದಿದ್ದರೆ, ಇಲ್ಲ ಅನ್ನುವುದಾದರೂ ತಿಳಿಯುತ್ತದೆ. ಎರಡರಲ್ಲಿ ಯಾವುದಕ್ಕೂ ನನಗೆ ಧೈರ್ಯ ಇರಲಿಲ್ಲ, ಆದರೂ ಪಾಡ್ಯದ ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೇ ಎದ್ದು ಬಚ್ಚಲಿನ ಕದದ ಹಿಂದೆ ಹಂಡೆಗೆ ಒರಗಿ ನಿಂತೆ.

ಬೆಳಕು ಹರಿಯುವ ಹೊತ್ತಿಗೆ ಅವನು ಬಂದ. ಬೇಲಿಯ ಸಂದಿಯಿಂದಲೇ ಬಂದ. ಕಂಬಳಿ ಹೊದ್ದ ಮುದುಕ, ಕಂಕುಳಲ್ಲಿ ಗಂಟು. ಚಪ್ಪಲಿಯನ್ನು ಬೇಲಿಯ ಆಚೆಯೇ ಬಿಟ್ಟಿದ್ದ. ಕಂಬಳಿ ತೆಗೆದಿಟ್ಟು, ತಲೆಗೆ ಸುತ್ತಿದ್ದ ಟವಲನ್ನು ಸೊಂಟಕ್ಕೆ ಬಿಗಿದು, ರಾಟೆ ಸದ್ದಾಗದ ಹಾಗೆ ನಿಧಾನವಾಗಿ ಒಂದು ಬಿಂದಿಗೆ ಸೇದಿದ. ಕಟ್ಟೆ ತೊಳೆದ. ಸಗಣಿ ಇಟ್ಟ, ಹೂ ಸಿಕ್ಕಿಸಿದ, ಎಲೆ ಹಾಸಿದ. ಗಂಟಿನಿಂದ ಕಜ್ಜಾಯ ಒಂದೊಂದಾಗಿ ತೆಗೆದು ಜೋಡಿಸಿದ. ನಾನು ನೋಡುತ್ತಲೇ ಇದ್ದೆ, ಕಣ್ಣಲ್ಲಿ ನೀರು ತನ್ನಷ್ಟಕ್ಕೆ ಸುರಿಯುತ್ತಿತ್ತು. ಸೀನಣ್ಣ ಹೇಳಿದ್ದೇ ನಿಜ, ನಾನೇ ಪೆದ್ದಿ. ದುಃಖಕ್ಕಿಂತ ಸಿಟ್ಟು ಹೆಚ್ಚಾಗಿ ಕದ ತಳ್ಳಿಕೊಂಡು ಹೊರಗೆ ಬಂದೆ. ಮುದುಕ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ, ಆಮೇಲೆ ನನ್ನ ಗಾತ್ರ ನೋಡಿ ಸಮಾಧಾನವಾದ. ನನಗೆ ತಿನ್ನಲು ಇದನ್ನೆಲ್ಲ ಇಟ್ಟು ಹೋಗು ಅಂತ ನಿಮಗೆ ಯಾರು ಹೇಳಿದ್ದು ಅಂತ ಕೇಳಿದೆ. ಅವನಿಗೆ ನನ್ನ ಮಾತೇ ತಿಳಿಯಲಿಲ್ಲ.

“ನಿಂಗಲ್ಲವ್ವ, ಇದು ಬಲೀಂದ್ರಂಗೆ. ವರ್ಸಾ ವರ್ಸಾ ನಾನು ಎಡೆ ಇಕ್ಕಿ ಹೋಯ್ತೀನಿ, ಅವ್ನು ಬಂದು ತಿಂದು ಹೋಯ್ತಾನೆ.”

ಆ ಒಂದು ಕ್ಷಣದಲ್ಲಿ ಮೂರು ವರ್ಷದ ಕಜ್ಜಾಯ ಪೂರ್ತಿ ನನ್ನ ಗಂಟಲಿಗೆ ಬಂತು. ಬಲೀಂದ್ರಂದು ಅಂದರೆ ಬಲೀಂದ್ರ ಕೊಟ್ಟದ್ದು ಅಂತ ನಾನು ತಿಳಿದಿದ್ದೆ. ಅದು ಬಲೀಂದ್ರನಿಗೆ ಕೊಟ್ಟದ್ದು. ಅಜ್ಜಿ ಹೇಳಿದ ಮಾತು ಒಂದೇ, ನಾನು ಅದನ್ನು ಹಿಡಿದದ್ದು ಉಲ್ಟಾ. ಅವನ ನೈವೇದ್ಯವನ್ನು ಕದ್ದು ತಿಂದು, ಉಡುಗೊರೆ ಅಂತ ಮೆರೆದಿದ್ದೆ. ಮುದುಕ ನನ್ನ ಮುಖ ನೋಡಿ ಮಗು ಹೆದರಿದೆ ಅಂದುಕೊಂಡನೋ ಏನೋ, ಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಮಾತಾಡಿದ. ಅವನ ಹೆಸರು ಮುನಿಯಪ್ಪ. ನಮ್ಮ ಬೀದಿಯಿರುವ ಜಾಗ ಮೊದಲು ಅವರ ರಾಗಿ ಹೊಲ, ಈ ಬಾವಿ ಅವನ ತಾತ ತೋಡಿಸಿದ್ದು. ಬಲೀಂದ್ರ ಈ ಬಾವಿಯಿಂದಲೇ ಬರುವುದು ಅಂತ ಅವನಿಗೆ ಅವನ ಅಪ್ಪ ಹೇಳಿದ್ದರಂತೆ. ಬಡಾವಣೆಗೆ ಭೂಮಿ ಹೋದ ಮೇಲೆ ಈಗ ಸಾರಕ್ಕಿಯಲ್ಲಿ ಮಗಳ ಮನೆ ಪಕ್ಕ ಎರಡು ಎಮ್ಮೆ ಕಟ್ಟಿಕೊಂಡಿದ್ದಾನೆ. ಜಾಗ ಬಿಟ್ಟು ಹೋದ ಮೇಲೆ ಕಾಲಕ್ರಮೇಣ ಎಲ್ಲ ಅಭ್ಯಾಸ ಆಯಿತು, ಪಾಡ್ಯ ಒಂದು ಬಂದರೆ ಮಾತ್ರ ತಡೆಯಲಾಗುವುದಿಲ್ಲ ಅಂದ. ಮೊದಲ ವರ್ಷ ಹೆದರಿಕೊಂಡೇ ಬೇಲಿ ದಾಟಿದ್ದನಂತೆ, ನಮ್ಮ ಅಜ್ಜಿ ಕಂಡು, ಬೈಯುವ ಬದಲು ಎಲೆ ಅಡಿಕೆ ಕೊಟ್ಟು ವರ್ಷಾ ಬಾ ಅಂದಳಂತೆ. ಸಂಜೆ ಬಂದು ಬೇಲಿಯಿಂದ ಇಣುಕಿ ನೋಡುತ್ತಾನಂತೆ. ಕಾಗೆ ನಾಯಿ ತಿಂದಿದ್ದರೆ ಎಲೆ ಚೆಲ್ಲಾಪಿಲ್ಲಿ ಆಗಿರುತ್ತಿತ್ತು, ಬಲೀಂದ್ರನಾದರೆ ಒಪ್ಪವಾಗಿ ಮಡಿಸಿ ಕಲ್ಲಿಟ್ಟು ಹೋಗುತ್ತಾನೆ, ಎಷ್ಟಾದರೂ ಚಕ್ರವರ್ತಿ ಅಂದ. ಅಷ್ಟು ಹೇಳಿ ನನ್ನನ್ನು ನೋಡಿದ.

“ನೀನು ಇದೇ ಮನೇಲಿರೋಳು. ಯಾವಾಗಾದ್ರೂ ನೋಡಿದ್ದೀಯಾ ತಾಯಿ ಅವನ್ನ?”

ನನ್ನ ನಾಲಗೆ ಆಗಲೂ ಉದ್ದ, ಈಗಲೂ ಉದ್ದ. ಅವತ್ತು ಮಾತ್ರ ಅದನ್ನು ಹಿಡಿದುಕೊಂಡೆ. ಒಂದು ಮಾತು ಆಡಿದರೆ ಸಾಕು, ನನಗೆ ಈಗಷ್ಟೇ ಆದದ್ದು ಅವನಿಗೂ ಆಗುತ್ತದೆ. ನನಗಾದರೋ ಒಂಬತ್ತು ವರ್ಷ, ಅತ್ತು ಸುಮ್ಮನಾಗುತ್ತೇನೆ. ಈ ತಲೆ ಬೆಳ್ಳಗಾದವನು ಎಲ್ಲಿಗೆ ಹೋಗಿ ಅಳಬೇಕು?

“ನೋಡಿಲ್ಲ. ಆದ್ರೆ ಬರ್ತಾನೆ. ಕಜ್ಜಾಯ ಅಂದ್ರೆ ಪ್ರಾಣ ಅವನಿಗೆ.”

ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅದು ಸುಳ್ಳು ಅಂತ ನನಗೆ ಅನ್ನಿಸಲೇ ಇಲ್ಲ. ಅಲ್ಲಿಯ ತನಕ ಬಲೀಂದ್ರನನ್ನು ನಂಬುವುದು ಬಿಡುವುದು ನನ್ನ ಸ್ವಂತ ವಿಷಯ ಅಂದುಕೊಂಡಿದ್ದೆ. ಅದರಲ್ಲಿ ಇನ್ನೊಬ್ಬರಿಗೂ ಪಾಲಿದೆ ಅಂತ ತಿಳಿದದ್ದು ಆಗ. ಆದರೆ ಬಂದ ಕೆಲಸ ಹೇಳದೆ ಇರುವಂತಿರಲಿಲ್ಲ. ಹಬ್ಬ ಕಳೆದ ಮೇಲೆ ಬಾವಿ ಮುಚ್ಚುತ್ತಾರೆ ಅಂತ ಹೇಳಿದೆ. ಮುನಿಯಪ್ಪ ಬಾವಿಯ ಕಡೆಗೆ ನೋಡಿದ. ಕೋಪ ಮಾಡಿಕೊಳ್ಳಲಿಲ್ಲ.

“ನಿಮ್ಮ ಜಾಗ ತಾಯಿ, ನಿಮ್ಮಿಷ್ಟ. ಆದ್ರೆ ಪಾಪ, ಅವ್ನಿಗೆ ಯಾರು ಹೇಳ್ತಾರೆ?”

ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ತಿರುಗಿ ನೋಡಿದರೆ ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಾಳೆ. ನೀನು ಮೂರು ವರ್ಷ ನಮಗೆ ಸುಳ್ಳು ಹೇಳಿದೆ ಅಂತ ಅವಳ ಮೇಲೆ ಎಗರಿದೆ. ನಾನೆಲ್ಲಿ ಸುಳ್ಳು ಹೇಳಿದೆ, ಯಾರದು ಅಂತ ನೀನು ಕೇಳಿದೆ, ಬಲೀಂದ್ರಂದು ಅಂತ ನಾನು ಅಂದೆ, ಅವನದೇ ತಾನೆ ಅಂದಳು ಅಜ್ಜಿ. ಮತ್ತೆ ನಮಗೆ ಯಾಕೆ ತಿನ್ನಿಸಿದೆ ಅಂದೆ. ಎಡೆ ಇಟ್ಟದ್ದು ಖಾಲಿಯಾಗದೆ ಉಳಿದರೆ ಇಟ್ಟವನಿಗೆ ಎಷ್ಟು ನೋವು ಅಂತ ನಿನಗೆ ಗೊತ್ತಾ ಅಂತ ಕೇಳಿದಳು. ಆಗ ಸೀನಣ್ಣ ಕಣ್ಣುಜ್ಜುತ್ತ ಬಂದು, ಪುರಾವೆ ಗಿರಾವೆ ಏನೂ ಕೇಳದೆ, ಎಲೆಯ ಮುಂದೆ ಕೂತು ಆರನ್ನೂ ಮುಗಿಸಿದ.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ನಾನು ಅಷ್ಟನ್ನೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಬಿಕ್ಕಿದೆ. ಅಮ್ಮನ ಕೈಯ ಸೌಟು ಹಾಗೇ ನಿಂತಿತು. ಅವಳಿಗೆ ಬಲೀಂದ್ರನೂ ಕಾಣಲಿಲ್ಲ, ಬಾವಿಯೂ ಕಾಣಲಿಲ್ಲ. ನಾಲ್ಕು ವರ್ಷದಿಂದ ತನ್ನ ಮಕ್ಕಳು ಯಾರದೋ ಅಡುಗೆಮನೆಯಲ್ಲಿ ಕರಿದದ್ದನ್ನು ತಿಂದಿದ್ದಾರೆ, ಅದೂ ಅತ್ತೆಗೆ ಗೊತ್ತಿದ್ದೂ. ಇನ್ನು ಮುಂದೆ ಆ ಎಲೆ ಮುಟ್ಟಿದರೆ ಕೈ ಮುರಿಯುತ್ತೇನೆ ಅಂದಳು. ಅಪ್ಪನಿಗೆ ಬೇರೆ ಭಯ. ಹೇಳದೆ ಕೇಳದೆ ಒಬ್ಬ ನಮ್ಮ ಹಿತ್ತಲಿಗೆ ಬರುತ್ತಾನೆ ಎಂದರೆ ಏನರ್ಥ, ನಾಳೆ ಅವನೇ ಕಾಲು ಜಾರಿ ಬಾವಿಗೆ ಬಿದ್ದರೆ ಯಾರು ಹೊಣೆ ಅಂದರು. ಸೀನಣ್ಣ ಮುಖ ಸಪ್ಪೆ ಮಾಡಿಕೊಂಡು, ಹಾಗಾದರೆ ಇಷ್ಟು ವರ್ಷ ಬಲೀಂದ್ರ ಅಂದರೆ ನಾನೇನಾ ಅಂದ. ಯಾರೂ ನಗಲಿಲ್ಲ. ಅಜ್ಜಿ ಸೊಸೆಯನ್ನು ಬಿಟ್ಟು ಮಗನ ಕಡೆ ತಿರುಗಿದಳು.

“ಕೊಟ್ಟ ನೆಲ ಹೇಗಿದೆ ಅಂತ ವರ್ಷಕ್ಕೊಂದು ದಿನ ನೋಡಕ್ಕೆ ಬರ್ತಾನೆ ನಾಣಿ. ಹೆಸರು ಮುನಿಯಪ್ಪ ಅಂತಾದ್ರೆ ಬೇಡ ಅಂತೀಯಾ?”

ಅಪ್ಪ ಛತ್ರಿ ತೆಗೆದುಕೊಂಡು ಹೊರಟರು. ಆದರೆ ಕೆರೆಯ ಕಡೆಗೆ ಹೋಗಲಿಲ್ಲ. ಮನೆಯನ್ನು ಬಳಸಿ ಹಿತ್ತಲಿಗೆ ಬಂದು ಬಾವಿಯ ಹತ್ತಿರ ನಿಂತರು, ಒಂದು ಕಲ್ಲು ಹಾಕಿ ಸದ್ದು ಕೇಳಿದರು, ಆಮೇಲೆ ಹೋಗಿ ಬೇಲಿಯ ಸಂದಿಯನ್ನು ನೋಡಿದರು. ಅಪ್ಪನ ಸ್ವಭಾವವೇ ಹಾಗೆ, ತಪ್ಪಾಯಿತು ಅಂತಲೂ ಅನ್ನರು, ಸರಿ ಅಂತಲೂ ಅನ್ನರು. ಮಣ್ಣಿನ ಗಾಡಿಯವನು ಬಂದಾಗ ಈ ವರ್ಷ ಬೇಡ ಅಂತ ಕಳಿಸಿದರು. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಬಂತು, ಬಿಂದಿಗೆ ಇಳಿಯುವಷ್ಟಕ್ಕೆ ಅದರಲ್ಲೊಂದು ಮುಚ್ಚಳ. ಬೇಲಿ ತೆಗೆಸಿ ಕಾಂಪೌಂಡು ಹಾಕಿಸಿದಾಗ, ಸಂದಿ ಇದ್ದ ಜಾಗದಲ್ಲಿ ಒಂದು ಸಣ್ಣ ಗೇಟು ಇಡಿಸಿದರು. ಚಿಲಕ ಇತ್ತು, ಬೀಗ ಇರಲಿಲ್ಲ. ಕೇಳಿದವರಿಗೆಲ್ಲ, ಕಸ ಹಾಕಲು ಅನುಕೂಲ ಅಂದರು.

ಮುಂದಿನ ಪಾಡ್ಯದ ಬೆಳಗ್ಗೆ ಮನೆಯಲ್ಲಿ ಐದು ಜನವೂ ಎಚ್ಚರವಾಗಿಯೇ ಮಲಗಿದ್ದೆವು. ಗೇಟಿನ ಚಿಲಕ ಸದ್ದಾಯಿತು, ರಾಟೆ ತಿರುಗಿತು, ನೀರು ಚೆಲ್ಲಿತು. ಯಾರೂ ಏಳಲಿಲ್ಲ. ಅವನು ಹೋದ ಮೇಲೆ ನಾನೂ ಸೀನಣ್ಣನೂ ಓಡಿಹೋಗಿ ನೋಡಿದರೆ ಎಲೆಯ ತುಂಬ ಕಜ್ಜಾಯ, ಈ ಸಲ ಎಂಟು. ಆದರೆ ತಿನ್ನುವವರು ಯಾರು? ಅಮ್ಮ ಅಡುಗೆಮನೆಯ ಕಿಟಕಿಯಿಂದ ನಮ್ಮ ಮೇಲೇ ಕಣ್ಣಿಟ್ಟಿದ್ದಾಳೆ. ಅಜ್ಜಿಗೆ ತನ್ನ ಮಡಿ ಇದೆ. ಹನ್ನೊಂದು ಗಂಟೆಯಾಯಿತು, ಎಲೆ ಹಾಗೇ ಇದೆ. ಸೀನಣ್ಣ ಎರಡು ಸಲ ಹಿತ್ತಲಿಗೆ ಹೋಗಿ ಎರಡು ಸಲವೂ ಬೈಸಿಕೊಂಡು ವಾಪಸು ಬಂದ. ಕಾಗೆಗೆ ಹಾಕೋಣವೇ ಅಂತ ನಾನು ಅಂದರೆ, ಕಾಗೆ ಎಲೆ ಮಡಿಸುತ್ತದೇನೆ ಅಂತ ಅವನೇ ಬೈದ. ಮುನಿಯಪ್ಪ ಸಂಜೆ ಬಂದು, ಎಲೆ ತುಂಬಿರುವುದನ್ನು ನೋಡಿ, ಬಲೀಂದ್ರ ಬರಲಿಲ್ಲ ಅಂದುಕೊಂಡು ಸಾರಕ್ಕಿಯ ತನಕ ನಡೆದು ಹೋಗುವುದು ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು. ನಾನು ಅಜ್ಜಿಯ ಕೋಣೆಗೆ ಹೋಗಿ, ಹಿತ್ತಲು ಕಾಣುವ ಕಿಟಕಿಯ ಕಟ್ಟೆ ಹತ್ತಿ ಕೂತೆ.

ಆಗ ಅಪ್ಪ ಹಿತ್ತಲಿಗೆ ಬಂದರು. ರಾಟೆಯ ಹಗ್ಗ ಹಳೆಯದಾಗಿದೆಯಾ ನೋಡುವವರ ಹಾಗೆ ಅದನ್ನು ಎಳೆದು ನೋಡಿದರು. ಅಡುಗೆಮನೆಯ ಕಡೆ ಒಮ್ಮೆ, ಬೀದಿಯ ಕಡೆ ಒಮ್ಮೆ ನೋಡಿದರು. ಕಟ್ಟೆಯ ಮೇಲೆ ಕೂತು, ಕನ್ನಡಕವನ್ನು ಹಣೆಗೆ ಏರಿಸಿ, ಕಲ್ಲು ತೆಗೆದು ಎಲೆಯೊಳಗಿನದನ್ನು ಕಣ್ಣ ಹತ್ತಿರ ತಂದು ಪರೀಕ್ಷೆ ಮಾಡಿದರು. ಕಚೇರಿಯ ಕಾಗದ ಓದುವ ಮುಖವೇ. ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಅಗಿದರು, ಇನ್ನೊಂದು ತೆಗೆದುಕೊಂಡರು. ನನ್ನ ಅಪ್ಪ, ಹೋಟೆಲಿನಲ್ಲಿ ಕಾಫಿ ಕುಡಿದು ಬಂದರೂ ಅಮ್ಮನ ಎದುರು ಕಳ್ಳನ ಹಾಗೆ ನಿಲ್ಲುವವರು, ಬಿಸಿಲಿನಲ್ಲಿ ಕೂತು ಎಂಟೂ ಕಜ್ಜಾಯ, ಬೆಲ್ಲದಚ್ಚು, ಸೀಬೆಹಣ್ಣು ಎಲ್ಲವನ್ನೂ ಮುಗಿಸಿದರು. ಎಲೆ ಮಡಿಸಿ ಕಲ್ಲಿಟ್ಟು, ಕೈ ತೊಳೆದುಕೊಂಡು ಒಳಗೆ ಬಂದರು. ಊಟಕ್ಕೆ ಕೂತಾಗ, ಯಾಕೋ ಹಸಿವಿಲ್ಲ, ಒಂದು ತುತ್ತು ಮಜ್ಜಿಗೆ ಅನ್ನ ಸಾಕು ಅಂದರು. ಅಮ್ಮ ಅವರ ಮೀಸೆಗೆ ಅಂಟಿದ್ದ ಗಸಗಸೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಜ್ಜಿಗೆ ಬಡಿಸಿದಳು.

ಸಂಜೆ ನಾಲ್ಕರಿಂದಲೇ ನಾನು ಹಿಂದಿನ ಗೇಟಿನ ಹತ್ತಿರ ಕಾಯುತ್ತಿದ್ದೆ. ಮುನಿಯಪ್ಪ ಬಂದ, ಒಳಗೆ ಕಾಲಿಡಲಿಲ್ಲ, ಗೇಟು ಹಿಡಿದು ಕಟ್ಟೆಯ ಕಡೆಗೆ ಕತ್ತು ಚಾಚಿದ. ಮಡಿಸಿದ ಎಲೆಯನ್ನು ನೋಡಿ ಕೈಮುಗಿದ. ನನಗೆ ಖುಷಿ ತಡೆಯಲಾಗಲಿಲ್ಲ.

“ಬಂದಿದ್ದ. ಈ ಸಲ ನಾನೇ ನೋಡಿದೆ.”

ಅವನು ಗೇಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ದನಿ ಇಳಿಸಿ ಕೇಳಿದ:

“ಎಂಗವ್ನವ್ವ?”

“ಕನ್ನಡಕ ಹಾಕ್ಕೊಂಡಿದ್ದ.”

ಮುನಿಯಪ್ಪ ಅದನ್ನು ಮನಸ್ಸಿನಲ್ಲೇ ಸ್ವಲ್ಪ ಹೊತ್ತು ತೂಗಿ ನೋಡಿದ. ಆಮೇಲೆ ಒಪ್ಪಿಗೆಯಾಗಿ ತಲೆಯಾಡಿಸಿದ.

“ವಯಸ್ಸಾಯ್ತಲ್ಲ ತಾಯಿ, ಅವ್ನಿಗೂ.”